ನಾಸ್ಕಾರ್ ಅಷ್ಟು ಸುಲಭವಾ?

ನಿಮ್ಮ ಹಾಗೆ ನಾನೂ ಹೊಸೂರು ಕಡೆಯವನೇ ಸಾರ್. "ನಾಸ್ಕಾರ್ ಅಂದ್ರೆ ಸುಮ್ನೆ ಎಡಕ್ಕೆ ತಿರುಗಿಸೋದು, ಎಫ್‌1ಗಿಂತ ಸುಲಭ ಅಲ್ವಾ?" ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ನಾಸ್ಕಾರ್ ಅಂದ್ರೆ ಅಮೆರಿಕದ ಕಾರ್ ರೇಸು, ಹೆಚ್ಚಾಗಿ ಮೊಟ್ಟೆಯಾಕಾರದ (ಓವಲ್) ಟ್ರ್ಯಾಕಿನಲ್ಲಿ ನಡೆಯುತ್ತದೆ. ಅಂಥದ್ದೇ ಒಂದು ಟ್ರ್ಯಾಕಾದ ಡೇಟೋನಾದ ತಿರುವುಗಳು 31 ಡಿಗ್ರಿ ವಾಲಿವೆ. ಅಲ್ಲಿ 40ರಷ್ಟು ಕಾರುಗಳು ಬಂಪರಿಗೆ ಬಂಪರ್ ತಾಗಿಸಿಕೊಂಡು, ಗಂಟೆಗೆ 300 ಕಿ.ಮೀ. ಆಸುಪಾಸಿನಲ್ಲಿ ಗುಂಪಾಗಿ ಓಡುತ್ತವೆ. ಮುಂದಿನ ಕಾರು ಗಾಳಿ ಸೀಳುತ್ತದೆ, ಹಿಂದಿನದು ಅದರ ಮರೆಯಲ್ಲೇ ವೇಗ ಪಡೆಯುತ್ತದೆ. ಜೊತೆಗಾರನಿಲ್ಲದೆ ಸಾಲು ಬಿಟ್ಟು ಪಕ್ಕಕ್ಕೆ ಬಂದಿರೋ, ಹತ್ತು ಕಾರು ದಾಟಿ ಹೋಗುತ್ತವೆ!

ಎಫ್‌1 ಕಾರಿನ ತೂಕ ನಾಸ್ಕಾರ್ ಕಾರಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಬ್ರೇಕ್, ತಿರುವು ಎರಡರಲ್ಲೂ ಅದೇ ಮುಂದು. ಆದರೆ ಅದರ ಚಕ್ರಗಳು ಹೊರಗೆ ತೆರೆದಿರುತ್ತವೆ, ಚಕ್ರಕ್ಕೆ ಚಕ್ರ ತಾಗಿದರೆ ಕಾರು ಎಗರಬಹುದು. ನನಗಂತೂ ನಾಸ್ಕಾರಿನ ತಳ್ಳಾಟವೇ ಇಷ್ಟ.

ಕಣ್ಣಾರೆ ನೋಡಬೇಕೆಂದರೆ ಶ್ರೀಪೆರಂಬುದೂರಿನ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ಹೋಗಿ. ಎಫ್‌1ನ ಹಾಗೆಯೇ ಚಕ್ರ ತೆರೆದಿರುವ ಫಾರ್ಮುಲಾ ಕಾರುಗಳು ಅಲ್ಲಿ ನೋಡಲು ಸಿಗುತ್ತವೆ. ಓವಲ್ ರೇಸಿಗೆ ಮಾತ್ರ ಟಿವಿಯೇ ಗತಿ.