ಹಾಡು ಜೋರು, ಮಾತು ಕೇಳಲ್ಲ: ತಪ್ಪು ಸಿನಿಮಾದ್ದಾ, ಸ್ಪೀಕರಿನದ್ದಾ?
ನಿಮ್ಮ ಹೋಮ್ ಥಿಯೇಟರಿನ ಸೆಂಟರ್ ಸ್ಪೀಕರ್ (ನಡುವಿನದು) ಸತ್ತಿರಬೇಕು. ಕೆಜಿಎಫ್, ಕಾಂತಾರ ಎರಡರಲ್ಲೂ ಹಾಡು ಕಿವಿ ಒಡೆಯುವಷ್ಟು ಜೋರು, ಮಾತು ಮಾತ್ರ ಕೇಳಲ್ಲ, ಅದಕ್ಕೇ ನಿಮ್ಮ ಬರಹದಲ್ಲಿ 'ಸೌಂಡ್ ಕಳಪೆ' ಅಂತ ಒಂದು ಸಾಲು ಹಾಕಿದ್ದೀನಿ ಅಂದಿದ್ದೀರಿ. 5.1ರಲ್ಲಿ (ಐದು ಸ್ಪೀಕರ್, ಒಂದು ಸಬ್‌ವೂಫರ್ ಇರುವ ಸೆಟ್) ಸಂಭಾಷಣೆ ಬಹುಪಾಲು ಬರೋದು ಸೆಂಟರಿನಿಂದಲೇ. ಸಂಗೀತ ಮಾತ್ರ ಎಡ-ಬಲದಲ್ಲಿ ಹರಡಿರುತ್ತದೆ.

ಮೊದಲು ಅದೇ ದೃಶ್ಯವನ್ನು ಮೊಬೈಲಿನಲ್ಲಿ ಇಯರ್‌ಫೋನ್ ಹಾಕಿ ಕೇಳಿ. ಮಾತು ಸ್ಪಷ್ಟವಾಗಿದ್ದರೆ ಸಿನಿಮಾದ ಮಿಕ್ಸಿಂಗ್ (ಮಾತು, ಹಾಡು ಬೆರೆಸಿದ ರೀತಿ) ಸರಿಯಿದೆ. ಆಮೇಲೆ ಸೆಟ್ ಆಫ್ ಮಾಡಿ, ಸೆಂಟರಿನ ವೈರ್ ಬಿಚ್ಚಿ ನೋಡಿ. ತುದಿಯ ತಾಮ್ರ ಕಪ್ಪಾಗಿದ್ದರೆ ಅರ್ಧ ಇಂಚು ಕತ್ತರಿಸಿ, ಹೊಸದಾಗಿ ಸುಲಿದು ಸಿಕ್ಕಿಸಿ. ಆಗಲೂ ಬರದಿದ್ದರೆ ಆ ವೈರಿಗೆ ಎಡಗಡೆ ಸ್ಪೀಕರ್ ಹಚ್ಚಿ: ಮಾತು ಬಂದರೆ ಸೆಂಟರ್ ಸ್ಪೀಕರೇ ಕೆಟ್ಟಿದೆ. ಹೊಸದು ತರುವಾಗ ಸ್ಪೀಕರಿನ ಹಿಂದೆ ಬರೆದಿರುವ ಓಮ್ಸ್ (ವಿದ್ಯುತ್ ತಡೆಯ ಅಳತೆ) ಹಳೆಯದರಷ್ಟೇ ಇರಲಿ.

ಸ್ಪೀಕರ್ ಚೆನ್ನಾಗಿದ್ದರೆ ಟಿವಿಯ ಸೌಂಡ್ ಸೆಟ್ಟಿಂಗಿನಲ್ಲಿ ಡಿಜಿಟಲ್ ಔಟ್‌ಪುಟ್ಟನ್ನು ಪಿಸಿಎಂಗೆ (ಸಂಕುಚಿಸದ ಸಾದಾ ಡಿಜಿಟಲ್ ಧ್ವನಿ) ಬದಲಿಸಿ, ಹೋಮ್ ಥಿಯೇಟರನ್ನು ಸ್ಟೀರಿಯೋ ಮೋಡಿಗೆ ಹಾಕಿ. ಸರೌಂಡ್ ಹೋಗುತ್ತದೆ, ಆದರೆ ಮಾತು ಎಡ-ಬಲಕ್ಕೆ ಬರುತ್ತದೆ.

ಇಷ್ಟೆಲ್ಲ ನೋಡುವಾಗ ಕೂಲರ್ ಬಂದ್ ಮಾಡಿ. ರಾಯಚೂರಿನ ಬ್ಯಾಸಗಿಯಲ್ಲಿ ಕಷ್ಟವೇ, ಆದರೆ ಅದರ ಸಪ್ಪಳ ಸ, ಶ, ತ ಅಕ್ಷರಗಳನ್ನೇ ನುಂಗುತ್ತದೆ.

ಕಾಂತಾರ ಇಯರ್‌ಫೋನಿನಲ್ಲೂ ಅರ್ಥವಾಗದಿದ್ದರೆ ಅದು ಕರಾವಳಿ ಕನ್ನಡದ ಧಾಟಿ ನಮ್ಮ ಕಡೆಯವರಿಗೆ ಹೊಸದಾಗಿರುವುದರಿಂದ ಇರಬಹುದು. ಸಬ್‌ಟೈಟಲ್ ಹಾಕಿಕೊಂಡು ನೋಡಿ. ಧ್ವನಿ ಆ ಸಿನಿಮಾದ ದೊಡ್ಡ ಶಕ್ತಿ. ಇದೆಲ್ಲ ಮಾಡಿದ ಮೇಲೆ 'ಸೌಂಡ್ ಕಳಪೆ' ಅನ್ನೋ ಸಾಲನ್ನು ಉಳಿಸಬೇಕೋ ಬೇಡವೋ ನಿರ್ಧರಿಸಿ.