ಅಜ್ಜನ ಟ್ರಂಕಿನಲ್ಲಿ ಸಿಕ್ಕ ಕ್ಲಿಕ್-3

ಪ್ರಶ್ನೆ: ಹಳೇ ಟ್ರಂಕ್ ಖಾಲಿ ಮಾಡುವಾಗ ನಮ್ಮಜ್ಜನ ಅಗ್ಫಾ ಕ್ಲಿಕ್-3 ಕ್ಯಾಮೆರಾ ಸಿಕ್ಕಿತು. ಕಾಲೇಜಿಗೆ ಹೋಗುವ ಮಗಳು ಅದರಲ್ಲೇ ಫೋಟೊ ತೆಗೆಯುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಒಳ್ಳೇ ಫೋನ್ ಇರುವಾಗ ಇದಕ್ಕೆ ದುಡ್ಡು ಹಾಕಬೇಕಾ? ರೋಲ್ ಈಗಲೂ ಸಿಗುತ್ತದಾ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಹಾಕಿ, ಧಾರಾಳವಾಗಿ ಹಾಕಿ. ಅದಕ್ಕೆ ಬೇಕಾದದ್ದು 120 ಅನ್ನುವ ಅಳತೆಯ ಫಿಲ್ಮ್ ರೋಲ್. ಇಲ್ಫೋರ್ಡ್, ಕೊಡಕ್ ಎರಡೂ ಈಗಲೂ ಮಾಡುತ್ತವೆ, ಆನ್‌ಲೈನಿನಲ್ಲಿ ತರಿಸಿಕೊಳ್ಳಬಹುದು.

ಕ್ಲಿಕ್-3 ನಮ್ಮ ದೇಶದಲ್ಲೇ ತಯಾರಾದ ಕ್ಯಾಮೆರಾ. ಎಷ್ಟೋ ಮನೆಗಳ ಆಲ್ಬಮ್ಮಿನಲ್ಲಿರುವ ಚೌಕದ ಕಪ್ಪು-ಬಿಳುಪು ಫೋಟೊಗಳು ಇಂಥ ಡಬ್ಬಿಯಿಂದಲೇ ಬಂದವು. ಬ್ಯಾಟರಿ ಬೇಡ, ಫೋಕಸ್ ತಿರುಗಿಸಬೇಕಿಲ್ಲ. ಬೆನ್ನಿಗೆ ಬಿಸಿಲು, ಹತ್ತು ಅಡಿ ದೂರ, ಅಷ್ಟೇ. ಲೆನ್ಸ್ ಸಾದಾ, ಹಾಗಾಗಿ ನಡುವೆ ಮುಖ ಚೆನ್ನಾಗಿ ಬಂದು ಅಂಚು ಸ್ವಲ್ಪ ಮಸುಕಾಗುತ್ತದೆ. ನನಗೆ ಆ ಮಸುಕೇ ಇಷ್ಟ. ಆದರೆ ನೆಗೆಟಿವ್ ದೊಡ್ಡದು, 6×6 ಸೆಂ.ಮೀ., ಸಾಮಾನ್ಯ 35 ಎಂ.ಎಂ. ನೆಗೆಟಿವ್‌ನ ಮೂರೂವರೆ ಪಟ್ಟು. ಅದಕ್ಕೇ ಇಷ್ಟು ಸಾದಾ ಲೆನ್ಸಿನಲ್ಲೂ ಅಜ್ಜಿಯ ಮೂಗುತಿ ಎದ್ದು ಕಾಣುತ್ತದೆ.

ಒಂದು ರೋಲಿಗೆ 12 ಫೋಟೊ ಮಾತ್ರ. ಹಿಂದಿನ ಪುಟ್ಟ ಕೆಂಪು ಕಿಟಕಿ ನೋಡುತ್ತಾ ನಿಧಾನಕ್ಕೆ ಫಿಲ್ಮ್ ಸುತ್ತಬೇಕು, ಮೊದಲು ಚುಕ್ಕಿಗಳು, ಆಮೇಲೆ ಅಂಕಿ ಬರುತ್ತದೆ, ಅದು ನಡುವೆ ಬಂದಾಗ ನಿಲ್ಲಿಸಬೇಕು. ಇನ್ನು ಐದೇ ಉಳಿದಿವೆ ಅಂತ ಗೊತ್ತಾದಾಗ ಕೈ ಸುಮ್ನೆ ಒತ್ತುವುದಿಲ್ಲ, ಎದುರಿಗಿರುವವರನ್ನು ಸರಿಯಾಗಿ ನೋಡುತ್ತೀರಿ, ಅವರೂ ನಿಮ್ಮನ್ನು ನೋಡುತ್ತಾರೆ. ಫೋನಿನಲ್ಲಿ ನೂರು ತೆಗೆಯುವಾಗ ಇದು ಆಗುವುದಿಲ್ಲ, ಅಲ್ವಾ? ನಿಮ್ಮ ಮಗಳಿಗೆ ಬೇಕಿರುವುದು ಇದೇ ಇರಬೇಕು.

ಒಳಗೆ ಖಾಲಿ ಸ್ಪೂಲ್ ಇದ್ದರೆ ದಯವಿಟ್ಟು ಎಸೆಯಬೇಡಿ, ಹೊಸ ಫಿಲ್ಮ್ ಸುತ್ತಿಕೊಳ್ಳುವುದು ಅದಕ್ಕೇ. ನಿಮ್ಮ ಕಡೆ ಮಳೆ ಜಾಸ್ತಿ, ಲೆನ್ಸಿಗೆ ಬೂಷ್ಟು ಹಿಡಿದಿದೆಯಾ ಅಂತ ಬೆಳಕಿಗೆ ಹಿಡಿದು ನೋಡಿ. ಕೆಂಪು ಕಿಟಕಿಗೆ ಕಪ್ಪು ಟೇಪ್ ಅಂಟಿಸಿ, ಅಂಕಿ ನೋಡುವಾಗ ಮಾತ್ರ ನೆರಳಿನಲ್ಲಿ ಸರಿಸಿ, ಯಾಕೆಂದರೆ ಈಗಿನ ಫಿಲ್ಮಿಗೆ ಕೆಂಪು ಬೆಳಕೂ ತಾಗುತ್ತದೆ. ಮೊದಲ ರೋಲಿಗೆ ಐಎಸ್‌ಒ 100ರ (ಫಿಲ್ಮ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಳತೆ) ಕಪ್ಪು-ಬಿಳುಪು ಫಿಲ್ಮ್ ಸಾಕು. ಒಂದು ಫೋಟೊ ಮಗಳಿಗಾಗಿ ಉಳಿಸಿ, ಅದನ್ನು ನೀವು ತೆಗೆಯಿರಿ.