ರಾಗಿಯ ಮನೆ ಬೀಜ ಎಷ್ಟು ವರ್ಷ?

ಪ್ರಶ್ನೆ: ಆರು ವರ್ಷದಿಂದ ಜಿಪಿಯು-28 ರಾಗಿಯ ಮನೆ ಬೀಜವನ್ನೇ ಬಿತ್ತುತ್ತಿದ್ದೇವೆ. ಈಗ ತೆನೆಗಳು ಒಂದೊಂದು ಥರ, ಅಲ್ಲಲ್ಲಿ ಬೆಂಕಿ ರೋಗ. ತಳಿಯೇ ಕೆಟ್ಟಿತೇ?
ಓದುಗರೊಬ್ಬರು, ಮಾಗಡಿ

ಉತ್ತರ: ಕೆಟ್ಟಿರುವುದು ತಳಿಯಲ್ಲ, ಬೀಜ ಬೆರಕೆಯಾಗಿದೆ. ರಾಗಿಯಲ್ಲಿ ಹೂವು ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ. ಹಾಗಾಗಿ ಹೈಬ್ರಿಡ್ ಮುಸುಕಿನ ಜೋಳದಂತೆ ವರ್ಷವರ್ಷ ಬೀಜ ಕೊಳ್ಳಬೇಕಿಲ್ಲ. ಬೆರಕೆ ಬರುವುದು ಕಣದಲ್ಲಿ, ಕೂರಿಗೆಯಲ್ಲಿ, ಹಳೇ ಚೀಲದ ಹೊಲಿಗೆಯಲ್ಲಿ ಉಳಿದ ಕಾಳಿನಿಂದ. ಮೂರು ವರ್ಷಕ್ಕೊಮ್ಮೆ ರೈತ ಸಂಪರ್ಕ ಕೇಂದ್ರದಿಂದ ಪ್ರಮಾಣಿತ ಬೀಜ ತನ್ನಿ. ನಡುವಿನ ವರ್ಷಗಳಲ್ಲಿ ಕೊಯ್ಲಿಗೆ ಮುಂಚೆ ಹೊಲದ ಮಧ್ಯಭಾಗದಿಂದ ಒಂದೇ ಆಕಾರದ, ಒಟ್ಟಿಗೆ ಮಾಗಿದ ತೆನೆ ಆರಿಸಿ ಬೇರೆಯಾಗಿ ಬಡಿದು ಒಣಗಿಸಿಡಿ. ಬಿತ್ತುವ ಮುನ್ನ 100 ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. 75ಕ್ಕಿಂತ ಕಡಿಮೆ ಮೊಳೆತರೆ ಆ ಬೀಜ ಬೇಡ.

ಎಲೆಯ ಮೇಲೆ ಕಂದು ಅಂಚಿನ, ನಡುವೆ ಬೂದಿ ಬಣ್ಣದ, ಎರಡೂ ತುದಿ ಚೂಪಾದ ಕದಿರಿನಾಕಾರದ ಚುಕ್ಕೆ ಕಂಡರೆ ಅದು ಬೆಂಕಿ ರೋಗ. ತೆನೆಯ ಕುತ್ತಿಗೆ ಕಪ್ಪಾದರಂತೂ ಕಾಳು ಜೊಳ್ಳೇ. ಜಿಪಿಯು-28 ಇದನ್ನು ಚೆನ್ನಾಗಿ ತಡೆಯುವ ತಳಿ. ರೋಗ ಹಿಡಿದವು ಬಹುಶಃ ಬೆರಕೆ ಗಿಡಗಳೇ. ಕೆಜಿ ಬೀಜಕ್ಕೆ 2 ಗ್ರಾಂ ಕಾರ್ಬೆಂಡಜಿಮ್ ಶಿಲೀಂಧ್ರನಾಶಕ ಲೇಪಿಸಿ ಬಿತ್ತಿ, ಉಳಿದ ಲೇಪಿತ ಬೀಜವನ್ನು ಮನೆಗೂ ದನಕ್ಕೂ ಬಳಸಲೇಬೇಡಿ. ಯೂರಿಯಾವನ್ನು ಒಮ್ಮೆಲೇ ಸುರಿದರೆ ರೋಗ ಹೆಚ್ಚುತ್ತದೆ. ಮಳೆ ತಡವಾಗಿ ಬಿತ್ತನೆ ಆಗಸ್ಟ್ ಮಧ್ಯ ದಾಟಿದರೆ ಸುಮಾರು 100 ದಿನಕ್ಕೆ ಬರುವ ಜಿಪಿಯು-48 ವಾಸಿ.